ಸ್ಟುಟ್‌ಗಾರ್ಟ್‌ಗೆ ಹೊರಟಿರುವ ತಮ್ಮನಿಗೆ

ಮೊನ್ನೆ ನೀನು ಬರೆದು ಕೇಳಿದ್ದೆ: "ಅಕ್ಕಾ, ಚಳಿ, ಭಾಷೆ, ಮನೆ ಸಿಗದಿರೋದು ಇದನ್ನೆಲ್ಲ ಎಲ್ಲರೂ ಹೇಳ್ತಾರೆ. ದಿನಾ ತಲೆ ತಿನ್ನೋ ಸಣ್ಣ ವಿಷಯ ಯಾವುದು, ಅಲ್ಲಿನ ಊರ ರಾಜಕೀಯ ಹೇಗೆ ಅಂತ ಯಾರೂ ಹೇಳಲ್ಲ. ನೀವು ಹೇಳಿ." ನಾನೀಗ ರಜೆಗೆ ತುಮಕೂರಿನಲ್ಲೇ ಇದ್ದೇನೆ. ಎಸ್.ಎಸ್.ಪುರಂನಲ್ಲಿ ಅಮ್ಮನ ಮನೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಜರ್ಮನಿಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಚಳಿಗೆ ಒಂದು ಒಳ್ಳೆ ಜಾಕೆಟ್ ತಗೊಂಡರೆ ಆಯಿತು. ಮೊದಲ ವರ್ಷ ನಾನು ಅತ್ತಿದ್ದು ಚಳಿಗಲ್ಲ, ಒಂದು ಚೀಟಿಗೆ.

ಅದು ಭಾನುವಾರ. ಬೆಳಿಗ್ಗೆ ದೋಸೆಗೆ ಅಂತ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ್ದೆ. ಸಂಜೆ ನೋಡಿದರೆ ಬಾಗಿಲಿಗೆ ಚೀಟಿ ಅಂಟಿತ್ತು. "ಭಾನುವಾರ ಶಬ್ದ ಮಾಡಬಾರದು. ಮನೆಯ ನಿಯಮ ಓದಿ." ಹೆಸರಿಲ್ಲ, ಸಹಿಯಿಲ್ಲ. ನಮ್ಮ ಬೀದಿಯಲ್ಲಾದರೆ ಎದುರು ಮನೆಯವರು ಕಾಂಪೌಂಡ್ ಹತ್ತಿರ ನಿಂತು "ಏನಮ್ಮಾ, ಇಷ್ಟೊತ್ತಿಗೇ ಮಿಕ್ಸಿ ಹಾಕಿದ್ದೀಯ" ಅಂತ ಕೂಗುತ್ತಾರೆ. ಮಧ್ಯಾಹ್ನ ಅವರೇ ಬಂದು ಒಂದು ಹಿಡಿ ಕರಿಬೇವು ಕೇಳುತ್ತಾರೆ. ಬೈದದ್ದು ಅಲ್ಲಿಗೇ ಮುಗಿಯುತ್ತದೆ. ಚೀಟಿ ಹಾಗೆ ಮುಗಿಯುವುದಿಲ್ಲ. ಮೆಟ್ಟಿಲಲ್ಲಿ ಎದುರಾದ ಪ್ರತಿಯೊಬ್ಬರ ಮುಖ ನೋಡಿ, ಇವರೇ ಬರೆದಿರಬಹುದಾ ಅಂತ ಯೋಚಿಸುತ್ತಿದ್ದೆ.

ಎರಡು ವಾರ ಆದ ಮೇಲೆ ಧೈರ್ಯ ಮಾಡಿ, ಚೀಟಿ ಹಿಡಿದುಕೊಂಡು ಕೆಳಗಿನ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಅಜ್ಜಿ ವಯಸ್ಸಿನವರು. ಅವರ ಮಗಳು ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುತ್ತಾಳಂತೆ. ಇಷ್ಟೇ ವಿಷಯ. ಆಮೇಲೆ ನಾನು ಶನಿವಾರ ಸಂಜೆಯೇ ರುಬ್ಬಿಡಲು ಶುರು ಮಾಡಿದೆ. ಅವರು ಕ್ರಿಸ್‌ಮಸ್‌ಗೆ ಬಿಸ್ಕತ್ತು ತಂದುಕೊಟ್ಟರು. ನೀನೂ ಹೀಗೆ ಮಾಡು. ಚೀಟಿ ಬಂದರೆ ಉತ್ತರಕ್ಕೆ ಇನ್ನೊಂದು ಚೀಟಿ ಬರೆಯಬೇಡ, ಹೋಗಿ ಬಾಗಿಲು ತಟ್ಟು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಮತ್ತೆ ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಗೋಡೆಗೆ ಮೊಳೆ ಹೊಡೆಯುವುದು, ವ್ಯಾಕ್ಯೂಮ್ ಕ್ಲೀನರ್ ಹಾಕುವುದು, ಖಾಲಿ ಬಾಟಲಿಗಳನ್ನು ಬೀದಿಯ ಗಾಜು ಹಾಕುವ ಡಬ್ಬಕ್ಕೆ ಎಸೆಯುವುದು, ಎಲ್ಲ ಸೋಮವಾರಕ್ಕೆ. ಭಾನುವಾರ ಅಂಗಡಿಯೂ ಇರುವುದಿಲ್ಲ. ಹಾಲು, ಮೊಸರು, ಅಕ್ಕಿ ಶನಿವಾರವೇ ತಂದಿಟ್ಟುಕೋ.

ನೀನು ಹೋಗುತ್ತಿರುವ ಕಡೆಯದ್ದೇ ಒಂದು ಪದ್ಧತಿ ಇದೆ, ಕೇರ್‌ವೊಖೆ ಅಂತ. ಗುಡಿಸುವ ವಾರ. ಕಟ್ಟಡದಲ್ಲಿರುವವರು ಸರದಿ ಪ್ರಕಾರ ಮೆಟ್ಟಿಲು, ಕೆಳಗಿನ ಹಾದಿ, ಮುಂದಿನ ಫುಟ್‌ಪಾತ್ ಗುಡಿಸಿ ಒರೆಸಬೇಕು. ನಿನ್ನ ಸರದಿ ಬಂದಾಗ ಬಾಗಿಲಿಗೆ ಒಂದು ಸಣ್ಣ ಫಲಕ ಬಂದು ತೂಗುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದರೆ, ಕೆಲಸದ ದಿನ ಬೆಳಿಗ್ಗೆ ಏಳರೊಳಗೆ ಫುಟ್‌ಪಾತ್ ಸರಿಮಾಡಿರಬೇಕು. ನನಗೆ ಮೊದಲು ಸಿಟ್ಟು ಬರುತ್ತಿತ್ತು, ಬಾಡಿಗೆಯೂ ಕೊಟ್ಟು ಬೀದಿಯನ್ನೂ ಗುಡಿಸಬೇಕಾ ಅಂತ. ಈಗ ನಮ್ಮಮ್ಮ ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ ರಂಗೋಲಿ ಇಡುವುದನ್ನು ನೋಡುತ್ತಾ ಕೂತಿದ್ದೇನೆ. ಇಲ್ಲಿ ಅದನ್ನು ಒಬ್ಬಳೇ ಮಾಡುತ್ತಾಳೆ, ದಿನಾ. ಅಲ್ಲಿ ಗಂಡಸರೂ ಸರದಿಗೆ ಬರುತ್ತಾರೆ. ನನಗೆ ಅಲ್ಲಿಯದೇ ಸರಿ ಅನ್ನಿಸುತ್ತದೆ. ಆದರೆ ಬಕೆಟ್ ನೀರು ಸುರಿದು ತೊಳೆಯುವ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ. ಮೆಟ್ಟಿಲಿಗೂ ಇಲ್ಲ, ಬಚ್ಚಲಿಗೂ ಇಲ್ಲ. ಎಷ್ಟೋ ಮನೆಗಳ ಬಚ್ಚಲ ನೆಲದಲ್ಲಿ ನೀರು ಹೋಗಲು ತೂತೇ ಇರುವುದಿಲ್ಲ. ಸುರಿದ ನೀರೆಲ್ಲ ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ಕಿಟಕಿಯ ವಿಷಯವೂ ಹೀಗೆಯೇ. ಒಗ್ಗರಣೆ ಹಾಕಿದ ಮೇಲೆ, ಹೊರಗೆ ಹಿಮ ಇದ್ದರೂ ಸರಿ, ಐದು ನಿಮಿಷ ಪೂರ್ತಿ ತೆರೆದಿಡು. ಇಲ್ಲದಿದ್ದರೆ ಗೋಡೆ ಬೂಷ್ಟು ಹಿಡಿದು, ದುಡ್ಡು ನಿನ್ನ ಅಡ್ವಾನ್ಸ್‌ನಿಂದ ಹೋಗುತ್ತದೆ.

ಈಗ ಹೆಸರಿನ ವಿಷಯ. ಇದನ್ನು ಮಾತ್ರ ಗಮನ ಇಟ್ಟು ಓದಪ್ಪ. ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಇರುತ್ತದೆ, ಒಂದು ಊರಿಗೆ, ಇನ್ನೊಂದು ಅಪ್ಪನಿಗೆ. ಅಲ್ಲಿ ಪ್ರತಿ ಅರ್ಜಿಯಲ್ಲೂ ಎರಡೇ ಕಲಂ, ಮನೆತನದ ಹೆಸರು ಮತ್ತು ಸ್ವಂತ ಹೆಸರು. ಪಾಸ್‌ಪೋರ್ಟ್‌ನಲ್ಲಿ ಒಂದು ಕಲಂ ಖಾಲಿ ಇದ್ದರೆ ಒಂದು ಕಡೆ ಒಂದು ಥರ ಬರೆದುಕೊಳ್ಳುತ್ತಾರೆ, ಇನ್ನೊಂದು ಕಡೆ ಇನ್ನೊಂದು ಥರ. ನನಗೆ ಬ್ಯಾಂಕಿನಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು ಹೆಸರು ಆಗಿಹೋಗಿತ್ತು. ಅಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಬರೆಯುವ ಪದ್ಧತಿ ಇಲ್ಲ. ಅಂಚೆಯವರು ಡಬ್ಬದ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರು ಹೊಂದಲಿಲ್ಲ ಅಂದರೆ ಕಾಗದ ವಾಪಸ್. ಎಲ್ಲವೂ ಅಂಚೆಯಲ್ಲೇ ಬರುವ ದೇಶದಲ್ಲಿ ಇದು ಸಣ್ಣ ತೊಂದರೆ ಅಲ್ಲ. ನನ್ನ ಎಟಿಎಂ ಕಾರ್ಡ್ ಎರಡು ಸಲ ಹೀಗೇ ವಾಪಸ್ ಹೋಯಿತು. ಕೊನೆಗೆ ಎಲ್ಲ ಕಡೆ ಅಪ್ಪನ ಹೆಸರನ್ನೇ ಮನೆತನದ ಹೆಸರು ಮಾಡಿಸಿದೆ. ಆಫೀಸಿನಲ್ಲಿ, ಡಾಕ್ಟರ ಹತ್ತಿರ ನನ್ನನ್ನು ಅಪ್ಪನ ಹೆಸರು ಹಿಡಿದೇ ಕರೆಯುತ್ತಾರೆ. ಮೊದಮೊದಲು ಯಾರನ್ನೋ ಕರೆದ ಹಾಗೆ ಆಗಿ ಕಸಿವಿಸಿ ಆಗುತ್ತಿತ್ತು. ಅಪ್ಪ ಹೋದ ಮೇಲೆ ಹಾಗನ್ನಿಸುತ್ತಿಲ್ಲ.

ಇನ್ನು ಸಣ್ಣಪುಟ್ಟವು. ಇಲ್ಲಿ ಟೌನ್ ಹಾಲ್ ಹತ್ತಿರ ಎಳನೀರು ಮಾರುವವರ ಹತ್ತಿರವೂ ಫೋನ್‌ಪೇ ಇದೆ. ಅಲ್ಲಿ ಎಷ್ಟೋ ಸಣ್ಣ ಬೇಕರಿಗಳಲ್ಲಿ ಇವತ್ತಿಗೂ ನೋಟು, ಚಿಲ್ಲರೆಯೇ ಬೇಕು. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಬಿಸಾಡಬೇಡ, ಅಂಗಡಿಯ ಮಿಷಿನ್‌ಗೆ ಹಾಕಿ ವಾಪಸ್ ತಗೋ. ಮನೆ ವಿಳಾಸ ನೋಂದಾಯಿಸಿದ ಕೆಲವು ದಿನಕ್ಕೆ ರೇಡಿಯೋ-ಟೀವಿ ಶುಲ್ಕದ ಕಾಗದ ಬರುತ್ತದೆ, ತಿಂಗಳಿಗೆ 18.36 ಯೂರೊ. ಟೀವಿ ಇಲ್ಲ ಅಂದರೂ ಬಿಡುವುದಿಲ್ಲ. ಅದು ಮನೆಗೆ ಒಂದೇ, ತಲೆಗೆ ಅಲ್ಲ. ನಾಲ್ಕು ಜನ ಇದ್ದರೆ ಹಂಚಿಕೊಳ್ಳಿ. ಜರ್ಮನಿಯ ರೈಲು ಸಮಯಕ್ಕೆ ಬರುತ್ತದೆ ಅಂತ ನಂಬಿ ಪರೀಕ್ಷೆಯ ದಿನ ಕೊನೇ ರೈಲಿಗೆ ಹೋಗಬೇಡ. ಆರು ನಿಮಿಷದೊಳಗೆ ತಡವಾದರೆ ಅವರ ಲೆಕ್ಕದಲ್ಲಿ ಅದು ತಡವೇ ಅಲ್ಲ. ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಕಾಲು ಭಾಗ, ಎರಡು ಗಂಟೆಗೆ ಅರ್ಧ ವಾಪಸ್ ಸಿಗುತ್ತದೆ. ಕೇಳಿ ತಗೋ, ನಾಚಿಕೊಳ್ಳಬೇಡ.

ಎಲ್ಲವನ್ನೂ ಸಣ್ಣದು ಅಂತ ನುಂಗಬೇಡ. ಒಂದು ಸಲ ಮನೆ ಕೇಳಲು ಫೋನ್ ಮಾಡಿ ಹೆಸರು ಹೇಳಿದ ತಕ್ಷಣ "ಆಗಲೇ ಕೊಟ್ಟಾಯಿತು" ಅಂದರು. ಹತ್ತು ನಿಮಿಷ ಬಿಟ್ಟು ನನ್ನ ಜರ್ಮನ್ ಗೆಳತಿ ಕೇಳಿದರೆ "ನಾಳೆ ಬಂದು ನೋಡಿ" ಅಂದರು. ಇದು ಅಭ್ಯಾಸದ ವ್ಯತ್ಯಾಸ ಅಲ್ಲ, ಅವಮಾನ. ಇಂಥ ತಾರತಮ್ಯದ ವಿರುದ್ಧ 2006ರಿಂದ ಅಲ್ಲಿ ಕಾನೂನು ಇದೆ. ದಿನಾಂಕ, ಸಮಯ ಬರೆದಿಟ್ಟುಕೋ, ಸಲಹೆ ಕೊಡುವ ಕಚೇರಿಗಳಿವೆ, ಹೋಗಿ ಹೇಳು. ನಾನು ಆಗ ಸುಮ್ನಿದ್ದೆ. ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ರಾಜಕೀಯ ಕೇಳಿದ್ದೆಯಲ್ಲ. ಇಲ್ಲಿ ಟೀ ಅಂಗಡಿಯಲ್ಲಿ ಕೂತರೆ ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕೆನಾಲ್ ಮಾತು. ಗುಬ್ಬಿ ಕಡೆಯವರದ್ದು ಒಂದು, ಕುಣಿಗಲ್ ಕಡೆಯವರದ್ದು ಇನ್ನೊಂದು. ಅಲ್ಲಿ ಇದೇ ಥರ ರೈಲು ನಿಲ್ದಾಣದ ಮಾತು. ಊರಿನ ದೊಡ್ಡ ನಿಲ್ದಾಣವನ್ನು ನೆಲದಡಿಗೆ ಇಳಿಸುವ ಸ್ಟುಟ್‌ಗಾರ್ಟ್ 21 ಯೋಜನೆಯ ಕೆಲಸ 2010ರಲ್ಲಿ ಶುರುವಾಯಿತು. 2011ರಲ್ಲಿ ರಾಜ್ಯದ ಜನರ ಮತವನ್ನೂ ಕೇಳಿದರು, ಮುಂದುವರಿಯಲಿ ಅಂದವರೇ ಜಾಸ್ತಿ. ಸುಮಾರು 450 ಕೋಟಿ ಯೂರೊ ಅಂದಿದ್ದು ಈಗ 1,100 ಕೋಟಿ ದಾಟಿದೆ. 2019ಕ್ಕೆ ತೆರೆಯಬೇಕಿತ್ತು, ದಿನಾಂಕ ಮುಂದೆ ಹೋಗುತ್ತಲೇ ಇದೆ. ಸೋಮವಾರ ಸಂಜೆ ಸೇರಿ ಪ್ರತಿಭಟಿಸುವವರು ಇಷ್ಟು ವರ್ಷವಾದರೂ ಬಿಟ್ಟಿಲ್ಲ.

ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಆ ಊರಿಗೆ ಇಷ್ಟು ವರ್ಷ ತೆರಿಗೆ ಕಟ್ಟಿದ್ದೇನೆ, ಓಟಿಲ್ಲ. 2024ರ ಜೂನ್‌ನಲ್ಲಿ ನಗರಸಭೆ ಚುನಾವಣೆ ಆಯಿತು. ಮೂರು ವರ್ಷದ ಹಿಂದೆ ಇಟಲಿಯಿಂದ ಬಂದ ಪಕ್ಕದ ಮನೆಯವರು ಓಟು ಹಾಕಿದರು, ಯುರೋಪ್ ಒಕ್ಕೂಟದವರಿಗೆ ಆ ಹಕ್ಕಿದೆ. ನನಗಿಲ್ಲ. ಅದೇ ವರ್ಷ ಏಪ್ರಿಲ್ 26ರಂದು ತುಮಕೂರಿನಲ್ಲಿ ಲೋಕಸಭೆಗೆ ಮತದಾನ. ಹೊರದೇಶದಲ್ಲಿರುವವರೂ ಪಟ್ಟಿಗೆ ಹೆಸರು ಸೇರಿಸಬಹುದು, ಆದರೆ ಬೂತಿಗೆ ಬಂದೇ ಓಟು ಹಾಕಬೇಕು. ರಜೆ ಸಿಗಲಿಲ್ಲ. ಎರಡು ಊರಿನಲ್ಲೂ ನನ್ನ ಓಟು ಇಲ್ಲದೆಯೇ ಚುನಾವಣೆ ಮುಗಿಯಿತು.

ಈಗ ಜರ್ಮನಿ ಐದು ವರ್ಷಕ್ಕೇ ಪೌರತ್ವ ಕೊಡುತ್ತದೆ, ಹಳೆಯದನ್ನು ಬಿಡು ಅಂತಲೂ ಕೇಳುವುದಿಲ್ಲ. ಆದರೆ ನಮ್ಮ ದೇಶ ಎರಡನ್ನು ಒಪ್ಪುವುದಿಲ್ಲ. ಅಲ್ಲಿಯದು ತಗೊಂಡರೆ ಇಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಬೇರೆ ದೇಶದ ಪೌರತ್ವ ತಗೊಂಡ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೆ ಬಂದು ಹೋಗಬಹುದು, ಓಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಗುಬ್ಬಿ ಹತ್ತಿರ ಅಪ್ಪ ಬಿಟ್ಟುಹೋದ ತೆಂಗಿನ ತೋಟ ಇದೆ. ಪಕ್ಕದ ಅರ್ಧ ಎಕರೆ ಮಾರಾಟಕ್ಕಿದೆ ಅಂತ ಅಮ್ಮ ನಿನ್ನೆಯೂ ಹೇಳಿದಳು. ಪೌರತ್ವದ ಅರ್ಜಿ ತುಂಬಿ ಇಟ್ಟು ಒಂದು ವರ್ಷ ಆಯಿತು. ಇನ್ನೂ ಕಳಿಸಿಲ್ಲ.

ನಿನಗೆ ಇದೆಲ್ಲ ಇನ್ನೂ ದೂರ. ಮೊದಲು ಹೆಸರಿನ ಕೆಲಸ ಆಗಲಿ. ನಾನು ಇಪ್ಪತ್ತನೇ ತಾರೀಖಿನವರೆಗೆ ಇಲ್ಲೇ ಇರುತ್ತೇನೆ. ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಮೂರನ್ನೂ ಹಿಡಿದುಕೊಂಡು ಬಾ, ಹೆಸರು ಎಲ್ಲೆಲ್ಲಿ ಹೇಗಿದೆ ಅಂತ ಒಟ್ಟಿಗೆ ಕೂತು ನೋಡೋಣ. ಫೋನ್ ಮಾಡಿಕೊಂಡೇ ಬರಬೇಕು ಅಂತೇನಿಲ್ಲ.