ಸ್ಮಾರ್ಟ್ ಸಿಟಿ ಪ್ಲಾನ್ ಬರೆದದ್ದು ಯಾರು?

ದಾವಣಗೆರೆಯ ಸ್ಮಾರ್ಟ್ ಸಿಟಿ ಪ್ಲಾನ್ ಮಾಡಿದ್ದು ಪಾಲಿಕೆಯೋ, ಕನ್ಸಲ್ಟೆನ್ಸಿ ಕಂಪನಿಯೋ ಅಂತ ಕೇಳಿದ್ದೀರಿ. ಇಬ್ಬರ ಕೈಯೂ ಇದೆ.

2015ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆ ಶುರುವಾದಾಗ ನಗರಗಳ ನಡುವೆ ಸ್ಪರ್ಧೆ ಇಟ್ಟರು. ಪ್ರಸ್ತಾವ ತಯಾರಿಸಲು ಕೇಂದ್ರ ಒಂದೊಂದು ನಗರಕ್ಕೆ 2 ಕೋಟಿ ರೂಪಾಯಿ ಕೊಟ್ಟಿತು. ನಗರಗಳಿಗೆ ನೆರವಾಗುವ ಕನ್ಸಲ್ಟೆನ್ಸಿ (ಸಲಹಾ) ಸಂಸ್ಥೆಗಳ ಪಟ್ಟಿಯನ್ನೂ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯವೇ ಮಾಡಿತ್ತು. ಅಂಕಿಅಂಶ ಕಲೆಹಾಕುವುದು, ಜನರ ಅಭಿಪ್ರಾಯ ವಿಂಗಡಿಸುವುದು, ಖರ್ಚಿನ ಲೆಕ್ಕ ಹಾಕುವುದು, ಕೊನೆಗೆ ಕೂತು ಬರೆಯುವುದು, ಇದೆಲ್ಲ ಸಾಮಾನ್ಯವಾಗಿ ಅವರ ಕೆಲಸ. 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆ, ಬೆಳಗಾವಿ ಎರಡೂ ಇದ್ದವು.

ಒಪ್ಪಿಗೆ, ಸಹಿ ಎಲ್ಲ ಪಾಲಿಕೆ, ಸರ್ಕಾರದ್ದೇ. ಆದರೆ ಒಂದು ಸೂಕ್ಷ್ಮ ಇದೆ. ಕನ್ಸಲ್ಟೆಂಟ್ ಮೂರು ಆಯ್ಕೆ ಮುಂದಿಟ್ಟರೆ ಚರ್ಚೆ ಆ ಮೂರರೊಳಗೇ ಸುತ್ತುತ್ತದೆ. ನಾಲ್ಕನೆಯದು ಇತ್ತಾ ಅಂತ ಕೇಳುವವರು ಕಡಿಮೆ. ಸ್ಲೈಡ್‌ಗಳು ಚೆನ್ನಾಗಿದ್ದರಂತೂ ಮುಗೀತು! ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಆ ಫೈಲಿನ ಒಳಹೊರಗು ಕಂಪನಿಯವರಿಗೇ ಜಾಸ್ತಿ ಗೊತ್ತಿರುತ್ತದೆ.

ಸುಮ್ನೆ ಊಹೆ ಯಾಕೆ, ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಕರಾರಿನ ಜೊತೆ ಇರುವ ಕೆಲಸದ ವಿವರ, ಅಂದರೆ ಟರ್ಮ್ಸ್ ಆಫ್ ರೆಫರೆನ್ಸ್ ಪ್ರತಿ ಕೇಳಿ. ಕಂಪನಿಗೆ ಏನೇನು ಒಪ್ಪಿಸಿದ್ದರು ಅನ್ನೋದು ಅದರಲ್ಲಿ ಇರುತ್ತದೆ.