ಮಗಳು ಕಳಿಸಿದ ದುಡ್ಡನ್ನು ಮುಟ್ಟದ ಡಾಕ್ಟರಮ್ಮ

ದುಬೈನಲ್ಲಿ ಆಪ್ತಸಲಹೆ ಮಾಡುವ ನನ್ನ ಹತ್ತಿರ ಒಂದೇ ಥರದ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಊರಲ್ಲಿ ಒಂಟಿಯಾಗಿರುವ ತಾಯಿ ಹುಷಾರು ತಪ್ಪುತ್ತಾರೆ. ಮಗನೋ ಮಗಳೋ ಹೋಗಿ ಇಲ್ಲಿಗೆ ಕರೆತರುತ್ತಾರೆ. ಸ್ವಲ್ಪ ದಿನಕ್ಕೇ ತಾಯಿ ಮಂಕಾಗುತ್ತಾರೆ, ಮಕ್ಕಳು ರೇಗುತ್ತಾರೆ. ಆಮೇಲೆ ನನ್ನ ಮುಂದೆ ಕೂರಿಸಿ, "ಇಲ್ಲೇ ಇರೋಕೆ ಒಪ್ಪಿಸಿ ಮೇಡಂ" ಅನ್ನುತ್ತಾರೆ. ಉಡುಪಿಯವರಾಗಲಿ, ಹಾಸನದವರಾಗಲಿ, ಫಿಲಿಪ್ಪೀನ್ಸ್‌ನವರಾಗಲಿ, ಮಾತು ಇದೇ.

ಇದು ಫಿಲಿಪ್ಪೀನ್ಸ್‌ನ ಒಬ್ಬ ಫ್ಯಾಮಿಲಿ ಡಾಕ್ಟರ್ ಮತ್ತು ಅವರ ಮಗಳ ಪ್ರಕರಣ. ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಕೆಲವರು ಟೀಕಿಸಿದರು. ಹಾಗಾಗಿ ಕಾರಣ ಸಮೇತ ಬರೆಯಬೇಕು ಅನ್ನಿಸಿತು.

ತಾಯಿಯ ಊರು ಪನಾಯ್ ದ್ವೀಪದಲ್ಲಿ, ಇಲೊಯಿಲೊ ಪ್ರಾಂತ್ಯದ ಉತ್ತರದ ಕಡಲತೀರದಲ್ಲಿದೆ. ಬಹಳ ಮನೆಗಳು ಮೀನುಗಾರಿಕೆಯನ್ನೇ ನಂಬಿವೆ. ಅಲ್ಲಿನ ರೂರಲ್ ಹೆಲ್ತ್ ಯೂನಿಟ್, ಅಂದರೆ ನಮ್ಮ ಪಿಎಚ್‌ಸಿ ಥರದ ಸರ್ಕಾರಿ ಕೇಂದ್ರದಲ್ಲಿ, 65ಕ್ಕೆ ನಿವೃತ್ತಿ ಆಗುವ ತನಕ ಕೆಲಸ ಮಾಡಿದರು. 1991ರ ಕಾನೂನಿನಿಂದ ಈ ಕೇಂದ್ರಗಳು ಸ್ಥಳೀಯ ಆಡಳಿತದ ಕೈಗೆ ಹೋದವು. ಔಷಧಿಗೆ ದುಡ್ಡು ಬೇಕಾದರೆ ಮೇಯರ್ ಕಚೇರಿಗೆ ಅಲೆಯಬೇಕು. ಇವರು ಅಲೆದರು. ನಿವೃತ್ತಿಯಾದ ಮೇಲೆ ಮನೆಯ ಕೆಳಗಡೆ ಕ್ಲಿನಿಕ್ ತೆರೆದರು. ಫೀಸು ಕೊಡುವವರು ಕೊಡುತ್ತಾರೆ. ಇಲ್ಲದವರು ಮೀನು, ಬಾಳೆಗೊನೆ, ಒಂದೊಂದು ಸಲ ಕಾಲು ಕಟ್ಟಿದ ನಾಟಿಕೋಳಿ ತರುತ್ತಾರೆ. ಗಂಡ ತೀರಿಕೊಂಡು ತುಂಬಾ ವರ್ಷಗಳಾಗಿವೆ.

2000ದ ನಂತರದ ಕೆಲವು ವರ್ಷಗಳಲ್ಲಿ ಫಿಲಿಪ್ಪೀನ್ಸ್‌ನ ಸಾವಿರಾರು ಡಾಕ್ಟರುಗಳು ಮತ್ತೆ ಕಾಲೇಜು ಸೇರಿ ನರ್ಸಿಂಗ್ ಓದಿದರು. ನರ್ಸ್ ಆದರೆ ಅಮೆರಿಕಕ್ಕೆ ಹೋಗುವುದು ಸುಲಭವಾಗಿತ್ತು. ಇವರ ಜೊತೆ ಓದಿದ ಕೆಲವರೂ ಹಾಗೇ ಹೋದರು. ಇವರು ಹೋಗಲಿಲ್ಲ. ಅದೇ ಸಂಪಾದನೆಯಲ್ಲಿ ಮಗಳನ್ನು ನರ್ಸಿಂಗ್ ಓದಿಸಿದರು. ಮಗಳು ದುಬೈಗೆ ಬಂದಳು.

ಹೋದ ವರ್ಷ ತಾಯಿ ಕ್ಲಿನಿಕ್ಕಿನಲ್ಲೇ ತಲೆಸುತ್ತಿ ಬಿದ್ದರು. ಬಿಪಿ ಜಾಸ್ತಿ, ಸಕ್ಕರೆಯೂ ಇದೆ. ಎರಡಕ್ಕೂ ತಾವೇ ಮಾತ್ರೆ ಬರೆದುಕೊಳ್ಳುತ್ತಿದ್ದರು. ಮಗಳು ಹೋಗಿ ಕರೆದುಕೊಂಡು ಬಂದಳು, ವಾಪಸ್ ಕಳಿಸಲ್ಲ ಅಂದಳು. ಇಲ್ಲಿ ತಾಯಿಗೆ ನಿದ್ದೆ ಇಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಊರಿನ ರೋಗಿಗಳು ಮೆಸೆಂಜರ್‌ನಲ್ಲಿ ಕಳಿಸಿದ ಗಾಯದ ಫೋಟೋ, ಚೀಟಿಯ ಫೋಟೋಗಳಿಗೆ ಉತ್ತರ ಬರೆಯುತ್ತಾ ಕೂರುತ್ತಿದ್ದರು.

ಮೊದಲ ಭೇಟಿಯಲ್ಲಿ ವಾದವೇ ಜಾಸ್ತಿ ಆಯಿತು. ತಾಯಿ ಡಾ. ಫೆ ಡೆಲ್ ಮುಂಡೊ ಹೆಸರು ತೆಗೆದರು. 1957ರಲ್ಲಿ ಕೆಜಾನ್ ಸಿಟಿಯಲ್ಲಿ ಮಕ್ಕಳ ಆಸ್ಪತ್ರೆ ಕಟ್ಟಿದವರು. ಅದಕ್ಕಾಗಿ ಸ್ವಂತ ಮನೆ ಮಾರಿ, ಆಸ್ಪತ್ರೆಯಲ್ಲೇ ವಾಸ ಮಾಡಿದವರು. 2011ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. "90 ದಾಟಿದ ಮೇಲೂ ವೀಲ್‌ಚೇರ್‌ನಲ್ಲಿ ರೌಂಡ್ಸ್ ಮಾಡುತ್ತಿದ್ದರು. ನನಗಿನ್ನೂ ಕಾಲು ನಡೆಯುತ್ತಿದೆ" ಅಂದರು.

ಮಗಳು ತಕ್ಷಣ, "ಅವರಿಗೆ ಮಕ್ಕಳಿರಲಿಲ್ಲ" ಅಂದಳು.

ಈ ಮಾತಿಗೆ ತಾಯಿ ಉತ್ತರ ಕೊಡಲಿಲ್ಲ. ಮುಂದಿನ ಭೇಟಿಯನ್ನು ಅಲ್ಲಿಂದಲೇ ಶುರು ಮಾಡಬೇಕು ಅಂದುಕೊಂಡೆ.

ಫ್ಯಾಮಿಲಿ ಮೆಡಿಸಿನ್ ಓದಿದವರಿಗೆ 'ಫ್ಯಾಮಿಲಿ ಅಪ್ಗಾರ್' ಗೊತ್ತಿರುತ್ತದೆ. ಸ್ಮಿಲ್ಕ್‌ಸ್ಟೀನ್ ಅನ್ನುವ ವೈದ್ಯರು 1978ರಲ್ಲಿ ಪ್ರಕಟಿಸಿದ ಪುಟ್ಟ ಪ್ರಶ್ನಾವಳಿ ಇದು. ಫಿಲಿಪ್ಪೀನ್ಸ್‌ನಲ್ಲಿ ತರಬೇತಿ ಪಡೆಯುವ ಫ್ಯಾಮಿಲಿ ಡಾಕ್ಟರುಗಳು ಇದನ್ನು ಚೆನ್ನಾಗಿ ಬಳಸುತ್ತಾರೆ. ಇರುವುದು ಐದೇ ಸಾಲು. ತೊಂದರೆ ಬಂದಾಗ ನೆರವಿಗೆ ಮನೆಯವರ ಹತ್ತಿರ ಹೋಗಬಹುದೇ, ಅವರು ನನ್ನ ಜೊತೆ ಕಷ್ಟಸುಖ ಮಾತಾಡುತ್ತಾರೆಯೇ, ನಾನು ಹೊಸ ದಾರಿ ಹಿಡಿದಾಗ ಬೆಂಬಲ ಕೊಡುತ್ತಾರೆಯೇ, ಪ್ರೀತಿ ತೋರಿಸುತ್ತಾರೆಯೇ, ನಾವು ಒಟ್ಟಿಗೆ ಸಮಯ ಕಳೆಯುವ ರೀತಿ ನನಗೆ ಹಿತವಾಗಿದೆಯೇ. ಯಾವಾಗಲೂ ಅಂದರೆ 2, ಕೆಲವು ಸಲ ಅಂದರೆ 1, ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ ಅಂದರೆ 0. ಒಟ್ಟು 10ಕ್ಕೆ.

ಇದನ್ನು ನನಗೆ ವಿವರಿಸಿ ಅಂತ ಆ ತಾಯಿಯನ್ನೇ ಕೇಳಿದೆ. ದುಬೈಗೆ ಬಂದ ಮೇಲೆ ಅವರ ಮುಖ ಅರಳಿದ್ದನ್ನು ಆಗಲೇ ನೋಡಿದ್ದು ಅಂತ ಮಗಳು ಆಮೇಲೆ ಹೇಳಿದಳು. ಯಾವ ಮನೆಯಲ್ಲಿ ಯಾವ ಸಾಲಿಗೆ ಜನ ತಡವರಿಸುತ್ತಾರೆ, ಸೊಸೆಯ ಹಾಳೆಯನ್ನು ಅತ್ತೆ ಇಣುಕದ ಹಾಗೆ ಹೇಗೆ ನೋಡಿಕೊಳ್ಳಬೇಕು, ಎಲ್ಲ ಹೇಳಿದರು. ಎಷ್ಟು ಒಳ್ಳೆ ಡಾಕ್ಟರ್ ಅನ್ನುವುದು ಆ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಆಮೇಲೆ ಎರಡು ಖಾಲಿ ಹಾಳೆ ಇಟ್ಟೆ. ಒಂದು ಅವರಿಗೆ, ಒಂದು ಮಗಳಿಗೆ.

ತಾಯಿ ಹಾಳೆಯನ್ನು ಸುಮಾರು ಹೊತ್ತು ನೋಡಿದರು. "ಎಷ್ಟೋ ಮನೆಗಳಿಗೆ ಕೊಟ್ಟಿದ್ದೇನೆ. ನನಗೆ ಯಾರೂ ಕೊಟ್ಟಿರಲಿಲ್ಲ" ಅಂದರು.

ಇಬ್ಬರ ಅಂಕಿಗಳೂ ಬೇರೆ ಬೇರೆ. ಮೊದಲ ಸಾಲಿಗೆ ಮಾತ್ರ ಇಬ್ಬರೂ 0 ಹಾಕಿದ್ದರು. ತೊಂದರೆ ಬಂದಾಗ ತಾಯಿ ಮಗಳ ಹತ್ತಿರ ಹೋಗುವುದಿಲ್ಲ. ಮಗಳೂ ತಾಯಿಯ ಹತ್ತಿರ ಹೋಗುವುದಿಲ್ಲ.

ಯಾಕೆ ಅಂತ ಮಗಳನ್ನು ಕೇಳಿದೆ. "ಅಮ್ಮನ ಮುಂದೆ ಯಾವಾಗಲೂ ರೋಗಿಗಳ ಒಂದು ಸಾಲು ಇರುತ್ತಿತ್ತು. ಎಲ್ಲರ ಕೈಲೂ ನಂಬರ್ ಚೀಟಿ ಇರುತ್ತಿತ್ತು. ನನಗೆ ಯಾರೂ ಚೀಟಿ ಕೊಡಲಿಲ್ಲ" ಅಂದಳು. ಆಮೇಲೆ ಚಂಡಮಾರುತದ ಮಾತು ಬಂತು. 2013ರ ನವೆಂಬರ್ 8ಕ್ಕೆ ಅಲ್ಲಿನವರು ಯೊಲಾಂಡ ಎಂದು ಕರೆಯುವ ಹಯಾನ್ ಉತ್ತರ ಇಲೊಯಿಲೊವನ್ನು ಹಾದುಹೋಯಿತು. ಮನೆಗಳ ಮಾಡು ಹಾರಿತು, ದೋಣಿಗಳು ಪುಡಿಯಾದವು, ಫೋನ್ ಸತ್ತಿತು. ಮಗಳು ದುಬೈನಲ್ಲಿ ರಾತ್ರಿ ಪಾಳಿ ಮಾಡುತ್ತಾ ಅಮ್ಮ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲದೆ ದಿನ ಕಳೆದಳು. ಕೊನೆಗೆ ಸುದ್ದಿ ಕೊಟ್ಟದ್ದು ಪಕ್ಕದೂರಿನ ಯಾರೋ. ತಾಯಿ ಸಿಗ್ನಲ್ ಸಿಗುವ ಗುಡ್ಡ ಹತ್ತಿದ್ದರು. ಮೊದಲು ಮಾಡಿದ ಕರೆ ಇಲೊಯಿಲೊ ನಗರಕ್ಕೆ, ಧನುರ್ವಾಯು ಲಸಿಕೆ ಕಳಿಸಿ ಅಂತ. ಆಮೇಲೆ ಫೋನಿನ ಚಾರ್ಜ್ ಮುಗಿಯಿತು.

"ನೀನು ಸುರಕ್ಷಿತವಾಗಿದ್ದೀಯ ಅಂತ ನನಗೆ ಗೊತ್ತಿತ್ತಲ್ಲ" ಅಂದರು ತಾಯಿ.

"ನೀನು ಇದ್ದೀಯ ಅಂತ ನನಗೆ ಗೊತ್ತಿರಲಿಲ್ಲ" ಅಂದಳು ಮಗಳು.

ನಾನು ಮಧ್ಯೆ ಬಾಯಿ ಹಾಕಲಿಲ್ಲ. ತಾಯಿ ಕೈಚೀಲದಿಂದ ಒಂದು ಬ್ಯಾಂಕ್ ಪಾಸ್‌ಬುಕ್ ತೆಗೆದು ಮಗಳ ಮುಂದೆ ಇಟ್ಟರು. ಮಗಳು ತಿಂಗಳು ತಿಂಗಳು ಕಳಿಸಿದ ಹಣವೆಲ್ಲ ಅದರಲ್ಲಿತ್ತು. ಒಂದು ಪೆಸೊ ಕೂಡ ಮುಟ್ಟಿರಲಿಲ್ಲ. ಮಗಳಿಗಾಗಿಯೇ ಕೂಡಿಟ್ಟಿದ್ದರು. ಅದನ್ನು ನೋಡಿದರೆ ಮಗಳಿಗೆ ತನ್ನ ಪ್ರೀತಿ ಗೊತ್ತಾಗುತ್ತದೆ ಅಂದುಕೊಂಡಿದ್ದರು. ಮಗಳು ಪುಟ ತಿರುಗಿಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು. "ಇದು ನಿನ್ನ ಮೊಣಕಾಲಿಗೆ ಕಳಿಸಿದ್ದು. ಇದು ಕಣ್ಣಿನ ಆಪರೇಷನ್‌ಗೆ. ಇದು ಕ್ರಿಸ್‌ಮಸ್‌ಗೆ ಬಟ್ಟೆ ತಗೋ ಅಂತ ಕಳಿಸಿದ್ದು. ಯಾಕೆ ಏನೂ ತಗೊಳ್ಳಲಿಲ್ಲ?"

ತಾಯಿ ತುಂಬಾ ಮೆಲ್ಲಗೆ, "ತಗೊಳ್ಳೋದು ನನಗೆ ಬರಲ್ಲ" ಅಂದರು.

ನನ್ನ ಸಲಹೆ ಈ ಮಾತಿನಿಂದ ಹುಟ್ಟಿತು. ಊರಿಗೆ ಹೋಗಿ, ಆದರೆ ಆ ದುಡ್ಡನ್ನು ಖರ್ಚು ಮಾಡಿ ಅಂದೆ. ಮೊದಲ ಖರ್ಚು ನಿಮ್ಮ ಮೈಗೇ ಆಗಬೇಕು. ಇಲೊಯಿಲೊ ನಗರದಲ್ಲಿ ನಿಮಗೇ ಅಂತ ಒಬ್ಬ ಡಾಕ್ಟರ್ ಇರಬೇಕು, ನಿಮ್ಮ ಚೀಟಿಯನ್ನು ನೀವು ಬರೆದುಕೊಳ್ಳಕೂಡದು. ಕ್ಲಿನಿಕ್ಕಿಗೆ ವಾರದಲ್ಲಿ ಕೆಲವು ದಿನ ಕಿರಿಯ ವೈದ್ಯರೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ. ಪ್ರತಿ ಭಾನುವಾರ ಮಗಳಿಗೆ ಫೋನ್ ಮಾಡಿ ಏನಾದರೂ ಒಂದು ಕೇಳಿ. ಸಣ್ಣದಾದರೂ ಸರಿ, ನಿಮಗೆ ನಿಜವಾಗಿ ಬೇಕಾದದ್ದಾಗಿರಬೇಕು. ಆ ಕರೆಯಲ್ಲಿ ಮಗಳಿಗೆ ವೈದ್ಯಕೀಯ ಉಪದೇಶ ಬೇಡ.

ಮಗಳಿಗೂ ಒಂದು ಮಾತು ಹೇಳಿದೆ. "ನಿನಗೆ ಚಿಕ್ಕಂದಿನಲ್ಲಿ ಸಿಗದ ಅಮ್ಮನನ್ನು ಈಗ ಮನೆಯಲ್ಲಿ ಕೂರಿಸಿ ಪಡೆಯಲು ಆಗಲ್ಲ. ಆ ಸಿಟ್ಟು ನ್ಯಾಯವಾದದ್ದು. ಅದನ್ನು ಸಿಟ್ಟು ಅಂತಲೇ ಹೇಳು, ಆರೋಗ್ಯದ ಕಾಳಜಿ ಅಂತ ಹೇಳಬೇಡ."

ಇದು ಕಟುವಾಯಿತು ಅಂತ ನನ್ನ ಸಹೋದ್ಯೋಗಿಯೊಬ್ಬರು ಅಂದರು. ಅಳಿಯನಿಗಂತೂ ಕೋಪವೇ ಬಂತು. ಒಮ್ಮೆ ಕುಸಿದು ಬಿದ್ದ ಹೆಂಗಸನ್ನು ಒಂಟಿಯಾಗಿ ಕಳಿಸುತ್ತೀರಾ ಅಂತ ಕೇಳಿದರು. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವರು ಬಿದ್ದದ್ದು ಕೆಲಸದಿಂದಷ್ಟೇ ಅಲ್ಲ, ಬಿಪಿಗೆ ಸರಿಯಾದ ಚಿಕಿತ್ಸೆ ಇಲ್ಲದೆ. ಆ ಚಿಕಿತ್ಸೆ ಇಲೊಯಿಲೊದಲ್ಲೂ ಸಿಗುತ್ತದೆ. ದುಬೈನ ಹದಿನಾರನೇ ಮಹಡಿಯಲ್ಲಿ ಯಾರಿಗೂ ಬೇಡವಾದವಳು ಅಂತ ಕೂತರೆ ಅದಕ್ಕೆ ಯಾವ ಮಾತ್ರೆಯೂ ಇಲ್ಲ. ಊರಿಗೆ ಡಾಕ್ಟರ್ ಬೇಕು ಅನ್ನುವ ಕಾರಣಕ್ಕೂ ನಾನು ಕಳಿಸಲಿಲ್ಲ. ಹಾಗೆ ಹೇಳಿದ್ದರೆ ಆ ಹೆಂಗಸಿನ ಬೆನ್ನಿಗೆ ಹಳೇ ಹೊರೆಯನ್ನೇ ಮತ್ತೆ ಕಟ್ಟಿದ ಹಾಗಾಗುತ್ತಿತ್ತು. ಅವರಿಗೆ ಹೋಗಬೇಕಿತ್ತು. ತಲೆ ಸರಿಯಿರುವ, ತನ್ನ ಕಾಯಿಲೆ ಏನೆಂದು ತಿಳಿದಿರುವ ಮನುಷ್ಯರ ಬಯಕೆಗೆ ಅಷ್ಟು ಬೆಲೆ ಇರಬೇಕು ಅಲ್ವಾ?

ಇಲ್ಲಿ ಅಮ್ಮಂದಿರನ್ನು ಕರೆಸಿಕೊಂಡಿರುವ ನಮ್ಮ ಕನ್ನಡದ ಮನೆಗಳವರಿಗೂ ಇದನ್ನೇ ಹೇಳುತ್ತೇನೆ. ಬಾಣಂತನಕ್ಕೆ ಕರೆಸುತ್ತೀರಿ, ಮಗು ನೋಡಿಕೊಳ್ಳಲು ಉಳಿಸಿಕೊಳ್ಳುತ್ತೀರಿ, ಆಮೇಲೆ ಅದಕ್ಕೆ ವಿಶ್ರಾಂತಿ ಅನ್ನುತ್ತೀರಿ. ಅವರು ಊರಲ್ಲಿ ಏನು ಬಿಟ್ಟು ಬಂದಿದ್ದಾರೆ ಅಂತ ಕೇಳಿ. ಟೀಚರ್ ಆಗಿದ್ದವರಿಗೆ ಟ್ಯೂಷನ್ ಮಕ್ಕಳಿರಬಹುದು, ಇನ್ನೊಬ್ಬರಿಗೆ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಇರಬಹುದು. ಅಮ್ಮಂದಿರಿಗೂ ಹೇಳುವುದಿದೆ. ಮಕ್ಕಳು ಕೊಟ್ಟದ್ದನ್ನು "ನನಗ್ಯಾಕೆ, ನೀವೇ ಇಟ್ಕೊಳ್ಳಿ" ಅಂತ ಪ್ರತಿ ಸಲವೂ ವಾಪಸ್ ಮಾಡಬೇಡಿ. ನಿಮಗದು ತ್ಯಾಗ ಅನ್ನಿಸುತ್ತದೆ. ಮಕ್ಕಳಿಗೆ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ.

ಡಾಕ್ಟರಮ್ಮ ಊರಿಗೆ ಹೋದರು. ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಸ್ಪತ್ರೆಯ ರಸೀದಿಯ ಫೋಟೋವನ್ನು ಮಗಳಿಗೆ ಕಳಿಸಿದರು. ಕಿರಿಯ ವೈದ್ಯೆ ಬರುವ ದಿನಗಳಲ್ಲೂ ಇವರು ಕೆಳಗಿಳಿದು ಬಂದು ಕೂರುತ್ತಾರಂತೆ, ಅದು ಇನ್ನೂ ಸರಿಹೋಗಿಲ್ಲ. ಭಾನುವಾರದ ಕರೆ ತಪ್ಪಿಲ್ಲ. ಮೊದಮೊದಲು ಏನು ಕೇಳಬೇಕೋ ತಿಳಿಯದೆ ಸುಮ್ನೆ ಇರುತ್ತಿದ್ದರಂತೆ. ಮೊನ್ನೆ, ನಡೆಯುವಾಗ ಪಾದ ನೋಯುತ್ತದೆ, ಮೆತ್ತಗಿನ ಚಪ್ಪಲಿ ಕಳಿಸು ಅಂದಿದ್ದಾರೆ. ಮಗಳು ಎರಡು ಜೊತೆ ಕಳಿಸಿದ್ದಾಳೆ. ಅಳಿಯ ಇನ್ನೂ ನನ್ನ ಹತ್ತಿರ ಮಾತಾಡುವುದಿಲ್ಲ.