ಹೊಸ ಪ್ರೌಢಶಾಲೆಯನ್ನು ಊರ ಹೊರಗಿನ ಗೋಮಾಳದಲ್ಲಿ ಕಟ್ಟಬೇಕೇ, ಹಳೆಯ ಶಾಲೆಯ ಪಕ್ಕದಲ್ಲೇ ಕಟ್ಟಬೇಕೇ?

ಒಂದು ಕೊಠಡಿಯಲ್ಲಿ ತೊಂಬತ್ತು ಮಕ್ಕಳು, ಮೂರು ಕಿಲೋಮೀಟರ್ ಆಚೆ ನಾಲ್ಕು ಎಕರೆ ಗೋಮಾಳ, ಹಳೆಯ ಶಾಲೆಯ ಪಕ್ಕದಲ್ಲಿ ಇಪ್ಪತ್ತು ಗುಂಟೆ, ಎರಡು ಬಣವಾಗಿರುವ ಊರು. ನೀವು ಬರೆದಿರುವುದನ್ನು ಓದುತ್ತಿದ್ದಂತೆ 2011ರ ನಮ್ಮ ಗ್ರಾಮಸಭೆಯೇ ಕಣ್ಣ ಮುಂದೆ ಬಂತು. ಆಗ ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷನಾಗಿದ್ದೆ. ಗೋಮಾಳದ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವನು ನಾನೇ, ಗೆದ್ದವನೂ ನಾನೇ.

2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನಕ್ಕೆ ಪ್ರತಿ ಜನವಸತಿಗೂ 5 ಕಿಲೋಮೀಟರ್ ಒಳಗೆ ಒಂದು ಪ್ರೌಢಶಾಲೆ ಇರಬೇಕೆಂಬ ಗುರಿ ಇತ್ತು. ತರಗತಿಯೊಂದಕ್ಕೆ 40 ಮಕ್ಕಳು ಎಂಬುದು ಅದರ ಲೆಕ್ಕ. ನಮ್ಮಲ್ಲಿ ಎಂಟನೇ ತರಗತಿಯ ಒಂದೊಂದು ವಿಭಾಗದಲ್ಲೂ ಅದರ ಎರಡರಷ್ಟು ಮಕ್ಕಳಿದ್ದರು. ಒಂಬತ್ತನೆಯವರು ಬಿಸಿಲಿದ್ದ ದಿನ ಹೊಂಗೆಮರದ ಕೆಳಗೆ, ಮಳೆ ಬಂದ ದಿನ ಪ್ರಯೋಗಾಲಯದ ಕಪಾಟುಗಳ ನಡುವೆ ಕೂರುತ್ತಿದ್ದರು. ಹೊಸ ಶಾಲೆ ಮಂಜೂರಾಗುವ ಸುಳಿವು ಸಿಕ್ಕಾಗ ಜಾಗ ತೋರಿಸುವ ಹೊಣೆ ಊರಿನ ಮೇಲೆ ಬಿತ್ತು. ಗೋಮಾಳವನ್ನು ಬಿಡಿಸಿಕೊಳ್ಳುವುದೇನು ಸಲೀಸಾದ ಕೆಲಸವಲ್ಲ. ನೂರು ಜಾನುವಾರುಗಳಿಗೆ 30 ಎಕರೆಯಂತೆ ಹುಲ್ಲುಗಾವಲು ಉಳಿಯುತ್ತದೆಯೇ ಎಂಬ ಲೆಕ್ಕ, ಸರ್ವೆ ನಕ್ಷೆ, ತಹಶೀಲ್ದಾರರ ವರದಿ, ಕೊನೆಗೆ 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಆದೇಶ, ಹೀಗೆ ಹದಿನಾಲ್ಕು ತಿಂಗಳು ನಾನು ಆ ಕಡತದ ಬೆನ್ನು ಹತ್ತಿದ್ದೆ. ಅಷ್ಟು ಅಲೆದ ಮೇಲೆ ಜಾಗವೇ ತಪ್ಪಿರಬಹುದೆಂದು ಯಾರಾದರೂ ಹೇಳಿದರೆ ಅವರು ಊರಿನ ಶತ್ರುವಿನಂತೆ ಕಾಣುತ್ತಾರೆ.

ನಾನು ಮಾಡಿದ ತಪ್ಪು ಒಂದೇ. ಆದರೆ ಅದನ್ನು ಬಿಡಿಸಿ ಹೇಳದಿದ್ದರೆ ನಿಮಗೆ ಉಪಯೋಗವಿಲ್ಲ. ನಾನು ದೂರವನ್ನು ಅಳೆದೆ, ಹೊತ್ತನ್ನು ಅಳೆಯಲಿಲ್ಲ. ಏಪ್ರಿಲ್ ತಿಂಗಳ ಒಂದು ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮುಖ್ಯೋಪಾಧ್ಯಾಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಮ್ಮ ಶಾಲೆಗೆ ಮಕ್ಕಳು ಬರುತ್ತಿದ್ದ ಸುತ್ತಲಿನ ಐದೂ ಹಳ್ಳಿಗಳಿಂದ ಗೋಮಾಳದವರೆಗೆ ಮೀಟರ್ ನೋಡಿ ಬರೆದುಕೊಂಡೆ. ಕೆರೆ ಏರಿಯ ಬಂಡಿದಾರಿ ಹಿಡಿದರೆ ಎಲ್ಲವೂ 5 ಕಿಲೋಮೀಟರ್ ಒಳಗೇ ಇದ್ದವು, ನಿಯಮಕ್ಕೆ ಸರಿಯಾಗಿ ಹೊಂದಿದವು. ಆದರೆ ಆ ಮಕ್ಕಳಲ್ಲಿ ಬಹುಪಾಲು ಬರುತ್ತಿದ್ದದ್ದು ಬಂಡಿದಾರಿಯಲ್ಲಿ ಅಲ್ಲ, ಬಸ್ಸಿನಲ್ಲಿ. ಸಂಜೆ ನಾಲ್ಕೂವರೆಗೆ ಶಾಲೆಯ ಗಂಟೆ ಹೊಡೆಯುತ್ತಿತ್ತು, ನಾಲ್ಕು ಐವತ್ತಕ್ಕೆ ನಿಲ್ದಾಣದಿಂದ ಹಳ್ಳಿಗಳ ಬಸ್ಸು ಹೊರಡುತ್ತಿತ್ತು, ಹಳೆಯ ಶಾಲೆಯಿಂದ ನಿಲ್ದಾಣಕ್ಕೆ ಐದು ನಿಮಿಷದ ದಾರಿ. ಗೋಮಾಳದಿಂದ ಅದೇ ನಿಲ್ದಾಣಕ್ಕೆ 2.8 ಕಿಲೋಮೀಟರ್, ಅಂದರೆ ಬೆನ್ನಿಗೆ ಚೀಲ ಹೊತ್ತ ಮಗುವಿಗೆ ನಲವತ್ತು ನಿಮಿಷದ ನಡಿಗೆ. ಆ ಬಸ್ಸು ತಪ್ಪಿದರೆ ಮುಂದಿನದು ಆರು ಮುಕ್ಕಾಲಿಗೆ. ಬೈಕಿನಲ್ಲಿ ಆರು ನಿಮಿಷಕ್ಕೆ ಮುಟ್ಟಿದ ನನಗೆ ಇದು ಹೊಳೆಯಲೇ ಇಲ್ಲ. ಹೆದ್ದಾರಿಯ ಪಕ್ಕದ ಜಾಗವಾದ್ದರಿಂದ ಬಸ್ಸಿಗೇನು ಕೊರತೆ ಎಂದೂ ಸಭೆಯಲ್ಲಿ ಹೇಳಿದ್ದೆ. ಆ ಬಸ್ಸುಗಳೆಲ್ಲ ಎಕ್ಸ್‌ಪ್ರೆಸ್, ಕೈ ಒಡ್ಡಿದರೆ ನಿಲ್ಲುವಂಥವಲ್ಲ.

ಎಂಟನೇ ತರಗತಿಯವರಿಗೆ ಸರ್ಕಾರದ ಸೈಕಲ್ ಇದೆಯಲ್ಲ ಎಂಬುದು ನನ್ನ ಇನ್ನೊಂದು ವಾದವಾಗಿತ್ತು. 2006-07ರಿಂದ ಸೈಕಲ್ ಕೊಡುತ್ತಿದ್ದದ್ದು ನಿಜ. ಆದರೆ ಸೈಕಲ್ ಇರುವುದು ಹಳ್ಳಿಯ ಮನೆಯಲ್ಲಿ, ಮಗು ಬಸ್ಸಿಳಿಯುವುದು ಪೇಟೆಯಲ್ಲಿ. ಬಂಡಿದಾರಿಯಲ್ಲೇ ತುಳಿದುಕೊಂಡು ಹೋಗಲಿ ಎಂದರೆ, ಮಳೆಗಾಲದಲ್ಲಿ ಕೆರೆಯ ಹಿಂದಿನ ಜೇಡಿಮಣ್ಣು ಮಡ್‌ಗಾರ್ಡಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ, ರಾಗಿ ಕೊಯ್ಲು ಮುಗಿದ ಮೇಲೆ ಆ ಕಡೆ ನರಪಿಳ್ಳೆಯೂ ಇರುವುದಿಲ್ಲ. ಇದೆಲ್ಲ ಐದೂ ಹಳ್ಳಿಯ ಹೆಣ್ಣುಮಕ್ಕಳಿಗೂ ಅವರ ತಾಯಂದಿರಿಗೂ ಗೊತ್ತಿತ್ತು. ನಾನು ಕೇಳಿದ್ದು ಗ್ರಾಮಸಭೆಗೆ ಬಂದ ಗಂಡಸರನ್ನು.

2014ರ ಜೂನ್‌ನಲ್ಲಿ ಶಾಲೆ ತೆರೆಯಿತು. ಕಟ್ಟಡ ಚೆನ್ನಾಗಿಯೇ ಇತ್ತು, ಆಟದ ಮೈದಾನವಂತೂ ತಾಲ್ಲೂಕಿಗೇ ದೊಡ್ಡದು. ಎಂಟನೇ ತರಗತಿಗೆ ಸೇರಿದವರು 61 ಮಕ್ಕಳು, ಅವರಲ್ಲಿ ಹುಡುಗಿಯರು ಒಂಬತ್ತು. ದಸರಾ ರಜೆಯ ಹೊತ್ತಿಗೆ ಇಪ್ಪತ್ತೆರಡು ಮಕ್ಕಳು ಟಿಸಿ ಪಡೆದು ಹಳೆಯ ಶಾಲೆಗೆ ಮರಳಿದರು. ಇಬ್ಬರು ಹುಡುಗಿಯರು ಎಲ್ಲಿಗೂ ಮರಳಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಂತುಹೋಗುವುದರಿಂದ, ಆ ಬಳಿಕ ಹುಡುಗಿಯೊಬ್ಬಳು ಮನೆಯಲ್ಲಿ ಕೂತರೆ ಯಾವ ಕಡತವೂ ಅಲುಗುವುದಿಲ್ಲ. ಮುಂದಿನ ವರ್ಷ ದಾಖಲಾತಿ ಕಡಿಮೆಯೆಂದು ಗಣಿತದ ಮೇಷ್ಟರನ್ನು ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಹಾಕಿ ಬೇರೆಡೆಗೆ ಕಳಿಸಿದರು. ಗಣಿತದ ಮೇಷ್ಟರಿಲ್ಲದ ಶಾಲೆಗೆ ಮತ್ತಷ್ಟು ಮಕ್ಕಳು ಬರಲಿಲ್ಲ. ಹಳೆಯ ಶಾಲೆಯ ಹೊಂಗೆಮರದ ಕೆಳಗಿನ ತರಗತಿ ಮಾತ್ರ ಹಾಗೆಯೇ ಮುಂದುವರಿಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಹಿಂದುಮುಂದಾಗಿದೆ ಎಂದು ಹೇಳದೆ ವಿಧಿಯಿಲ್ಲ. ಗೋಮಾಳವೋ ಇಪ್ಪತ್ತು ಗುಂಟೆಯೋ ಎಂದು ಕೇಳುವಾಗ ಶಾಲೆ ನಿಮ್ಮ ಊರಿನಲ್ಲೇ ಆಗಬೇಕೆಂದು ನೀವು ಮೊದಲೇ ತೀರ್ಮಾನಿಸಿಬಿಟ್ಟಿದ್ದೀರಿ. ನೂಕುನುಗ್ಗಲು ಇರುವುದು ನಿಮ್ಮ ಊರಿನ ಶಾಲೆಯಲ್ಲಿ. ಅಲ್ಲಿ ತುಂಬಿರುವ ಮಕ್ಕಳು ನಿಮ್ಮ ಊರಿನವರೇ? ನಮ್ಮಲ್ಲಿ ಮೂರರಲ್ಲಿ ಎರಡು ಪಾಲು ಹೊರಗಿನವರಾಗಿದ್ದರು, ಅದರಲ್ಲೂ ಅರ್ಧದಷ್ಟು ಮಕ್ಕಳು ಒಂದೇ ದಿಕ್ಕಿನ ಎರಡು ದೊಡ್ಡ ಹಳ್ಳಿಗಳಿಂದ ಬರುತ್ತಿದ್ದರು. ಅಲ್ಲಿ ಏಳನೆಯವರೆಗಿನ ಹಿರಿಯ ಪ್ರಾಥಮಿಕ ಶಾಲೆಯೂ ಇತ್ತು, ಸ್ವಂತ ಜಾಗವೂ ಇತ್ತು. ಅದನ್ನೇ ಉನ್ನತೀಕರಿಸಿ ಎಂಟರಿಂದ ಹತ್ತರವರೆಗೆ ತರಗತಿಗಳನ್ನು ಸೇರಿಸಿದ್ದರೆ ಮಕ್ಕಳು ಬಸ್ಸನ್ನೇ ಹತ್ತಬೇಕಿರಲಿಲ್ಲ. ಅಭಿಯಾನದಲ್ಲಿ ಅದಕ್ಕೆ ಅವಕಾಶವಿತ್ತು. ನಮ್ಮ ಊರಿನವರಾದ ನಮಗೆ ಅದನ್ನು ಕೇಳುವ ಮನಸ್ಸಿರಲಿಲ್ಲ. ಬಂದ ಶಾಲೆಯನ್ನು ಪಕ್ಕದ ಹಳ್ಳಿಗೆ ಬಿಟ್ಟುಕೊಟ್ಟು ಚುನಾವಣೆ ಗೆಲ್ಲುವವರಾದರೂ ಯಾರು?

ಗೋಮಾಳದ ಪರ ಇರುವ ಬಣದವರಲ್ಲಿ ಯಾರ ಜಮೀನು ಆ ದಾರಿಯ ಎಡಬಲದಲ್ಲಿದೆ ಎಂದು ಪಹಣಿ ತೆಗೆಸಿ ನೋಡಿದರೂ ತಪ್ಪಿಲ್ಲ. ನಮ್ಮಲ್ಲಿ ಶಾಲೆಗೆಂದು ಹಾಕಿದ ಡಾಂಬರು ರಸ್ತೆಯ ಬದಿಯಲ್ಲಿ ಈಗ ಎರಡು ಲೇಔಟ್‌ಗಳಿವೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಪ್ರಯಾಣ ಉಚಿತವಾಗಿದೆ, ಇನ್ನು ದೂರದ ಮಾತೇಕೆ ಎಂದು ನಿಮ್ಮ ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಟಿಕೆಟ್ ಉಚಿತವಾದರೆ ಬಸ್ಸು ನಿಲ್ಲುತ್ತದೆಯೇ ಎಂದು ಕೇಳಿ. ನಮ್ಮ ಶಾಲೆಯ ಮುಂದೆ ಕೋರಿಕೆ ನಿಲುಗಡೆ ಸಿಕ್ಕಿದ್ದು ನಾಲ್ಕನೇ ವರ್ಷದಲ್ಲಿ, ಅದೂ ಬೆಳಿಗ್ಗೆಯ ಒಂದು ಬಸ್ಸಿಗೆ ಮಾತ್ರ.

ಗ್ರಾಮಸಭೆಗೆ ಮುಂಚೆ ಒಂದು ವಾರ ಬೆಳಿಗ್ಗೆ ಎಂಟೂವರೆಗೆ ಮತ್ತು ಸಂಜೆ ನಾಲ್ಕೂವರೆಗೆ ನಿಲ್ದಾಣದಲ್ಲಿ ನೋಟ್‌ಬುಕ್ ಹಿಡಿದು ನಿಂತುಕೊಳ್ಳಿ. ಯಾವ ಹಳ್ಳಿಯ ಬಸ್ಸಿನಿಂದ ಎಷ್ಟು ಹುಡುಗಿಯರು ಇಳಿದರು, ಸಂಜೆ ಯಾರ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂಬುದನ್ನು ಬರೆದುಕೊಳ್ಳಿ. ಹೆಚ್ಚು ಹುಡುಗಿಯರು ಬರುವ ಹಳ್ಳಿಯ ಪ್ರಾಥಮಿಕ ಶಾಲೆಯ ಹಿಂದೆ ಎಷ್ಟು ಜಾಗ ಖಾಲಿ ಇದೆ ಎಂದು ಆ ಭಾನುವಾರವೇ ಹೋಗಿ ನೋಡಿ ಬನ್ನಿ, ಬೈಕ್ ಬಿಟ್ಟು ಹೋಗಿ.